ಪಾತ್ರ ಒಂದು ಗೇಮ್‌ನದ್ದು, ಎಫೆಕ್ಟ್ ಇನ್ನೊಂದು ಗೇಮ್‌ನದ್ದು ಅನ್ನಿಸಿದರೆ ಏನು ಮಾಡುವುದು?

ಮಸಿಬಾಟ್ಲಿ:
ಎಲ್ಲರಿಗೂ ನಮಸ್ಕಾರ. ನಾವಿಬ್ಬರು ಸೇರಿ ಗೋಡೋ 4 ಎಂಬ ಗೇಮ್ ಎಂಜಿನ್‌ನಲ್ಲಿ ಒಂದು ಚಿಕ್ಕ 3ಡಿ ಗೇಮ್ ಮಾಡುತ್ತಿದ್ದೇವೆ. ಕ್ಯಾಮೆರಾ ಮೇಲಿಂದ ಓರೆಯಾಗಿ ನೋಡುತ್ತದೆ. ಕಥೆ ಪೂರ್ತಿ ರಾತ್ರಿಯದ್ದು. ಕೈಯಲ್ಲಿ ಲಾಟೀನು ಹಿಡಿದ ಹುಡುಗಿ, ಅವಳ ಸುತ್ತ ನೆರಳಿನ ಪ್ರಾಣಿಗಳು. ಪಾತ್ರಗಳಿಗೆ ಟೆಕ್ಸ್ಚರ್ (ಮೇಲ್ಮೈಗೆ ಅಂಟಿಸುವ ಚಿತ್ರ) ಹೆಚ್ಚುಕಡಿಮೆ ಇಲ್ಲ. ಬೆಳಕು ಬಿದ್ದ ಕಡೆ ಒಂದು ಬಣ್ಣ, ನೆರಳಿಗೆ ಇನ್ನೊಂದು, ಸುತ್ತ ದಪ್ಪ ಕಪ್ಪು ಗೆರೆ. ಇಷ್ಟೇ. ಇದು ನಮಗೆ ತುಂಬ ಇಷ್ಟವಾಗಿದೆ.

ತೊಂದರೆ ಇರುವುದು ಎಫೆಕ್ಟ್‌ಗಳಲ್ಲಿ. ಬೇಕಿರುವುದು ನಾಲ್ಕೇ: ಕತ್ತಿ ಬೀಸಿದಾಗಿನ ಹೊಡೆತ, ಬೆಂಕಿ ಉಂಡೆ, ಓಡುವಾಗ ಏಳುವ ಧೂಳು, ಶತ್ರು ಸಾಯುವಾಗಿನ ಹೊಗೆ. ಸದ್ಯಕ್ಕೆ ಒಂದು ರೆಡಿಮೇಡ್ ಪ್ಯಾಕ್‌ನ ಪಾರ್ಟಿಕಲ್‌ಗಳನ್ನು (ಹೊಗೆ, ಕಿಡಿಯಂಥವನ್ನು ಕಟ್ಟುವ ಚಿಕ್ಕ ಚಿಕ್ಕ ತುಣುಕುಗಳು) ಹಾಕಿದ್ದೇವೆ. ಬಿಡಿಬಿಡಿಯಾಗಿ ನೋಡಿದರೆ ಚೆನ್ನಾಗಿಯೇ ಇವೆ. ಆಟದೊಳಗೆ ಬಂದ ಕೂಡಲೇ ಬೇರೆ ಯಾರದ್ದೋ ಕೆಲಸ ತಂದು ಅಂಟಿಸಿದ ಹಾಗೆ ಕಾಣುತ್ತದೆ. ಬಣ್ಣವನ್ನು ನಮ್ಮ ಪ್ಯಾಲೆಟ್‌ಗೇ ಬದಲಾಯಿಸಿದೆವು. ಬ್ಲೂಮ್ (ಬೆಳಗುವ ಭಾಗದ ಸುತ್ತ ಹರಡುವ ಮಸುಕು ಹೊಳಪು) ಹಾಕಿ ನೋಡಿದೆವು. ಹೊಂದುತ್ತಲೇ ಇಲ್ಲ. ಜೊತೆಗೆ ಇದು ಕಡಿಮೆ ಶಕ್ತಿಯ ಫೋನ್‌ಗಳಲ್ಲೂ ಓಡಬೇಕು. ಸ್ಕ್ರೀನ್‌ಶಾಟ್, ವಿಡಿಯೋ ಜೊತೆಗೆ ಹಾಕಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಗೆರೆಹುಚ್ಚ:
ಸ್ಕ್ರೀನ್‌ಶಾಟ್ ನೋಡಿದೆ. ಬಣ್ಣ ಸರಿಯಾಗಿದೆ. ಎಡವಟ್ಟಾಗಿರುವುದು ಅಂಚಿನಲ್ಲಿ.

ಹುಡುಗಿಯ ಮೈಮೇಲೆ ಬೆಳಕು ಎಲ್ಲಿ ಮುಗಿಯಿತು, ನೆರಳು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಬಹುದು. ಹೊಗೆಯಲ್ಲಿ ತೋರಿಸಿ ನೋಡೋಣ? ಆಗುವುದಿಲ್ಲ. ಅದು ನಡುವಿನಿಂದ ಅಂಚಿನ ತನಕ ಮೆಲ್ಲಗೆ ಮಾಸುತ್ತಾ ಹೋಗುತ್ತದೆ. ಬಣ್ಣ ಎಷ್ಟು ಬದಲಾಯಿಸಿದರೂ ಆ ಮಾಸುವಿಕೆ ಹೋಗುವುದಿಲ್ಲ ಅಲ್ವಾ?

ಎಂಜಿನ್ ಮುಚ್ಚಿ ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಪಾತ್ರ ಯಾವ ನಿಯಮ ಪಾಲಿಸುತ್ತಿದೆ ಅಂತ ಬರೆಯಿರಿ. ಒಂದು ವಸ್ತುವಿಗೆ ಎಷ್ಟು ಛಾಯೆ? ಎರಡು. ಅಂಚು ಗಟ್ಟಿಯೋ ಮೆತ್ತಗೋ? ಗಟ್ಟಿ. ಆಕಾರ ದುಂಡಗೋ ಚೂಪೋ? ಹುಡುಗಿಯ ಕೂದಲು, ಅಂಗಿ, ಲಾಟೀನು ಎಲ್ಲ ದುಂಡಗಿವೆ. ಪ್ರಾಣಿಗಳು ಮುಳ್ಳುಮುಳ್ಳಾಗಿವೆ. ಕಪ್ಪು ಗೆರೆ ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ? ಸಣ್ಣ ವಿವರ ಎಷ್ಟು ಸಣ್ಣದು? ಈಗ ಇವೇ ಪ್ರಶ್ನೆಗಳನ್ನು ಆ ಹೊಗೆಗೆ ಕೇಳಿ. ಒಂದಕ್ಕೂ ಅದು ನಿಮ್ಮ ಹುಡುಗಿಯ ಉತ್ತರ ಕೊಡುವುದಿಲ್ಲ.

2002ರ ವಿಂಡ್ ವೇಕರ್ ಗೇಮ್ ತೆಗೆದು ನೋಡಿ. ಶತ್ರು ಸತ್ತಾಗ ಏಳುವ ಹೊಗೆ ನಿಜವಾದ ಹೊಗೆಯ ಹಾಗೆ ಇಲ್ಲವೇ ಇಲ್ಲ. ಸುರುಳಿ ಸುತ್ತಿದ ಗಟ್ಟಿ ಆಕಾರ ಅದು. ಆದರೂ ನೋಡುವವರಿಗೆ ಹೊಗೆ ಅಂತ ತಕ್ಷಣ ಗೊತ್ತಾಗುತ್ತದೆ. ಯಾಕಂದ್ರೆ ಅಲ್ಲಿನ ಮನುಷ್ಯರು, ಮರ, ಸಮುದ್ರ ಎಲ್ಲವೂ ಅದೇ ಕೈಯಿಂದ ಬಂದಿವೆ.

ಗಣಿತಭಯ:
ಗೆರೆಹುಚ್ಚ ಹೇಳಿದ್ದು ಸರಿ. ಅದನ್ನು ಶೇಡರ್‌ನಲ್ಲಿ, ಅಂದರೆ ಪ್ರತಿ ಪಿಕ್ಸೆಲ್‌ನ ಬಣ್ಣ ತೀರ್ಮಾನಿಸುವ ಚಿಕ್ಕ ಪ್ರೋಗ್ರಾಂನಲ್ಲಿ, ಮಾಡುವ ದಾರಿ ನಾನು ಹೇಳುತ್ತೇನೆ. ಒಂದೇ ತಂತ್ರ ಕಲಿತರೆ ನಿಮ್ಮ ನಾಲ್ಕರಲ್ಲಿ ಮೂರು ಎಫೆಕ್ಟ್ ಬಂದ ಹಾಗೆ.

ಮಾಮೂಲಿ ಪಾರ್ಟಿಕಲ್ ಸಾಯುವಾಗ ಪಾರದರ್ಶಕವಾಗುತ್ತಾ ಹೋಗುತ್ತದೆ. ನಿಮ್ಮ ಶೈಲಿಗೆ ಅದೇ ವಿಷ. ಅರ್ಧ ಪಾರದರ್ಶಕ ಅಂದರೆ ಪ್ಯಾಲೆಟ್‌ನಲ್ಲಿ ಇಲ್ಲದ ಹೊಸ ಬಣ್ಣ. ಅದರ ಬದಲು ಪಾರ್ಟಿಕಲ್ ಸವೆದು ಹೋಗಲಿ. ಒಂದು ಕಪ್ಪು-ಬಿಳುಪು ನಾಯ್ಸ್ ಟೆಕ್ಸ್ಚರ್, ಅಂದರೆ ಅಡ್ಡಾದಿಡ್ಡಿ ಮಚ್ಚೆಗಳ ಚಿತ್ರ, ತೆಗೆದುಕೊಳ್ಳಿ. ಪ್ರತಿ ಪಿಕ್ಸೆಲ್‌ನಲ್ಲಿ ನಾಯ್ಸ್‌ನ ಬೆಲೆ (ಕಪ್ಪು 0, ಬಿಳಿ 1) ಒಂದು ಮಿತಿಗಿಂತ ಜಾಸ್ತಿ ಇದ್ದರೆ ಪೂರ್ತಿ ಕಾಣಲಿ, ಕಡಿಮೆ ಇದ್ದರೆ ಪೂರ್ತಿ ಮಾಯವಾಗಲಿ. ಪಾರ್ಟಿಕಲ್‌ಗೆ ವಯಸ್ಸಾದಂತೆ ಮಿತಿಯನ್ನು 0ಯಿಂದ 1ಕ್ಕೆ ಏರಿಸಿ. ತೂತು ಬೀಳುತ್ತವೆ, ತೂತುಗಳು ಸೇರಿಕೊಳ್ಳುತ್ತವೆ, ಕೊನೆಗೆ ಚೂರುಗಳು ಉಳಿದು ಅವೂ ಹೋಗುತ್ತವೆ. ಅಂಚು ಕೊನೆಯ ತನಕ ಗಟ್ಟಿ.

ಮಿತಿಯನ್ನು ಶೇಡರ್‌ಗೆ ಮುಟ್ಟಿಸುವುದು ಹೇಗೆ? ಪಾರ್ಟಿಕಲ್‌ನ ಬಣ್ಣ ಬದಲಾಗುವ ಪಟ್ಟಿಯಾದ ಕಲರ್ ರ‍್ಯಾಂಪ್‌ನಲ್ಲಿ ಆಲ್ಫಾ (ಪಾರದರ್ಶಕತೆಯ ಅಂಕಿ) ಹೇಗಿದ್ದರೂ ವಯಸ್ಸಿನ ಜೊತೆ ಬದಲಾಗುತ್ತದೆ. ಅದನ್ನು ಪಾರದರ್ಶಕತೆಗೆ ಬಳಸಬೇಡಿ. ಶೇಡರ್ ಒಳಗೆ ಅದನ್ನೇ ಮಿತಿ ಅಂತ ಓದಿಕೊಳ್ಳಿ. ಹೊಸ ವೇರಿಯಬಲ್ ಬೇಡ, ಸ್ಕ್ರಿಪ್ಟ್ ಬೇಡ.

ಇನ್ನೂ ಎರಡು ಮಾತು. ಬರೀ ನಾಯ್ಸ್ ಹಾಕಿದರೆ ಪಾರ್ಟಿಕಲ್ ಎಲ್ಲೆಂದರಲ್ಲಿ ತೂತಾಗುತ್ತದೆ. ನಡುವೆ ಬಿಳಿ, ಅಂಚಿಗೆ ಕಪ್ಪು ಇರುವ ದುಂಡನೆಯ ಗ್ರೇಡಿಯಂಟ್ ಜೊತೆ ಗುಣಿಸಿ. ಆಗ ಹೊರಗಿನಿಂದ ಒಳಕ್ಕೆ ಸವೆಯುತ್ತದೆ. ಬೆಂಕಿಗೆ ಎರಡು ನಾಯ್ಸ್ ತೆಗೆದುಕೊಂಡು, ಬೇರೆ ಬೇರೆ ವೇಗದಲ್ಲಿ ಮೇಲಕ್ಕೆ ಸರಿಸಿ, ಒಂದಕ್ಕೊಂದು ಗುಣಿಸಿ. ಒಂದೇ ನಾಯ್ಸ್ ಸರಿದರೆ ಚಿತ್ರ ಜಾರುತ್ತಿದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಎರಡು ಸೇರಿದರೆ ನಾಲಿಗೆಗಳು ಹುಟ್ಟಿ ಸಾಯುತ್ತವೆ. ಎರಡನೇ ಛಾಯೆ ಬೇಕಾದರೆ ಇನ್ನೊಂದು ಮಿತಿ ಇಡಿ. ಮೊದಲನೆಯದಕ್ಕಿಂತ ಸ್ವಲ್ಪ ಮೇಲೆ. ಅದರ ಮೇಲಿರುವುದೆಲ್ಲ ಹಳದಿ, ನಡುವಿನ ಪಟ್ಟಿ ಕೆಂಪು.

ಅಂಚು ಮೆಟ್ಟಿಲುಮೆಟ್ಟಿಲಾಗಿ ಕಂಡರೆ ಒಮ್ಮೆಲೇ ಕತ್ತರಿಸುವ ಸ್ಟೆಪ್ ಬದಲು ಮೆಲ್ಲಗೆ ದಾಟಿಸುವ ಸ್ಮೂತ್‌ಸ್ಟೆಪ್ ಬಳಸಿ, ಅಗಲವನ್ನು ಒಂದು ಪಿಕ್ಸೆಲ್‌ನಷ್ಟೇ ಇಡಿ.

ನಿಧಾನಗತಿ:
ಆಕಾರದ ಬಗ್ಗೆಯೇ ಎಲ್ಲರೂ ಮಾತಾಡುತ್ತಿದ್ದೀರಿ. ನಾನು ವಿಡಿಯೋವನ್ನು ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದೆ. ಟೈಮಿಂಗ್ ಇನ್ನೂ ದೊಡ್ಡ ತಲೆನೋವು.

ನಿಮ್ಮ ಕತ್ತಿಯ ಹೊಡೆತ ಸಣ್ಣದಾಗಿ ಹುಟ್ಟಿ, ನಿಧಾನಕ್ಕೆ ದೊಡ್ಡದಾಗಿ, ನಿಧಾನಕ್ಕೆ ಹೋಗುತ್ತದೆ. ಎಲ್ಲವೂ ಒಂದೇ ವೇಗ. ಪಾರ್ಟಿಕಲ್ ಸಿಸ್ಟಮ್ ತಾನಾಗಿ ಕೊಡುವುದು ಅದನ್ನೇ, ಅದಕ್ಕೇ ಜಗತ್ತಿನ ಅರ್ಧ ಇಂಡೀ ಗೇಮ್‌ಗಳ ಹೊಡೆತ ಸಪ್ಪೆ. 60 ಎಫ್‌ಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಫ್ರೇಮ್ ಓಡುವಾಗ, ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ಹೊಡೆತದ ಕಮಾನು ಮೊದಲನೇ ಅಥವಾ ಎರಡನೇ ಫ್ರೇಮ್‌ನಲ್ಲೇ ತನ್ನ ಪೂರ್ತಿ ಅಗಲಕ್ಕೆ ಬರಬೇಕು. ಆಮೇಲೆ 8ರಿಂದ 12 ಫ್ರೇಮ್ ಅದು ಸಣ್ಣಗಾಗುತ್ತಾ, ಬಾಲದ ಕಡೆಯಿಂದ ಸವೆಯುತ್ತಾ ಹೋಗಲಿ. ಬರುವುದು ಚಕ್ಕನೆ, ಹೋಗುವುದು ನಿಧಾನ. ಗಾತ್ರ ಹೇಗೆ ಬದಲಾಗಬೇಕು ಅಂತ ಹೇಳುವ ಸ್ಕೇಲ್ ಕರ್ವ್ ತೆರೆದು ಎಡಗಡೆ ಕಡಿದಾಗಿ ಏರಿಸಿ, ಬಲಗಡೆ ಇಳಿಜಾರು ಬಿಡಿ. ಸುಮ್ನೆ ಇಷ್ಟು ಮಾಡಿ, ಬೇರೆ ಏನೂ ಮುಟ್ಟದೆ ಒಮ್ಮೆ ಆಡಿ ನೋಡಿ.

ಮತ್ತೆ ಹೊಡೆತಕ್ಕಿಂತ ಮುಂಚೆ ಏನೂ ಇಲ್ಲ. ಕತ್ತಿ ಎತ್ತಿದಾಗ ತುದಿಯಲ್ಲಿ ಒಂದು ಚಿಕ್ಕ ಮಿನುಗು ಇಟ್ಟರೂ ಸಾಕು. ಏನೋ ಬರುತ್ತಿದೆ ಅಂತ ಕಣ್ಣಿಗೆ ಮುನ್ಸೂಚನೆ ಸಿಗುತ್ತದೆ. ಹೊಡೆತ ತಾಗಿದ ಕ್ಷಣ ಇಬ್ಬರನ್ನೂ 3-4 ಫ್ರೇಮ್ ಹಾಗೇ ನಿಲ್ಲಿಸಿ. ಎಫೆಕ್ಟ್ ಮಾತ್ರ ಓಡುತ್ತಿರಲಿ. ಒಂದು ಪಿಕ್ಸೆಲ್ ಕೂಡ ಹೊಸದಾಗಿ ಬರೆಯದೆ ಕತ್ತಿಗೆ ತೂಕ ಬರುತ್ತದೆ.

ಮಸಿಬಾಟ್ಲಿ:
ಕರ್ವ್ ಬದಲಾಯಿಸಿದೆ. ಬರೀ ಅಷ್ಟಕ್ಕೇ ಇಷ್ಟು ವ್ಯತ್ಯಾಸ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ! ನನ್ನ ಜೊತೆಗಾರ ಕತ್ತಿಯ ಡ್ಯಾಮೇಜ್ ಏರಿಸಿದೆಯಾ ಅಂತ ಕೇಳಿದ.

ಒಂದು ಅನುಮಾನ. ಕೈಯಲ್ಲಿ ಬರೆದ ಅನಿಮೇಷನ್ ಥರ ಕಾಣಲಿ ಅಂತ ಎಫೆಕ್ಟ್‌ಗಳನ್ನು ಸೆಕೆಂಡಿಗೆ 12 ಚಿತ್ರದ ಲೆಕ್ಕದಲ್ಲಿ ಓಡಿಸಬೇಕಾ? ಪಾತ್ರಗಳ ಅನಿಮೇಷನ್ ಸದ್ಯ 60ರಲ್ಲೇ ಇದೆ.

ಅರ್ಧಪಿಕ್ಸೆಲ್:
ಖಂಡಿತ ಓಡಿಸಿ. 2014ರ ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ ಎಂಬ ಫೈಟಿಂಗ್ ಗೇಮ್ ನೋಡಿ. ಪೂರ್ತಿ 3ಡಿ ಮಾಡೆಲ್, ಆದರೆ ಒಂದು ಭಂಗಿಯಿಂದ ಇನ್ನೊಂದಕ್ಕೆ ಕಂಪ್ಯೂಟರ್ ತಾನಾಗಿ ತುಂಬುವುದನ್ನು ತೆಗೆದುಹಾಕಿದರು. ಪ್ರತಿ ಭಂಗಿಯೂ ಗಕ್ಕನೆ ನಿಲ್ಲುತ್ತದೆ. ನೆರಳಿನ ಗಡಿ ಬೇಕಾದಲ್ಲೇ ಬೀಳಲಿ ಅಂತ ನಾರ್ಮಲ್‌ಗಳನ್ನೂ (ಮೇಲ್ಮೈ ಯಾವ ಕಡೆಗೆ ಮುಖ ಮಾಡಿದೆ ಅಂತ ಹೇಳುವ ಬಾಣಗಳು) ಕೈಯಲ್ಲೇ ತಿದ್ದಿದರು. ಅದು 3ಡಿ ಅಂತ ಕ್ಯಾಮೆರಾ ತಿರುಗುವ ತನಕ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ನಿಧಾನಗತಿ:
ನಾನು ಒಪ್ಪುವುದಿಲ್ಲ. ಲೆಕ್ಕ ಹಾಕಿ. 60 ಎಫ್‌ಪಿಎಸ್ ಆಟದಲ್ಲಿ ಸೆಕೆಂಡಿಗೆ 12 ಚಿತ್ರ ಅಂದರೆ ಒಂದೊಂದು ಚಿತ್ರ 5 ಫ್ರೇಮ್ ನಿಲ್ಲುತ್ತದೆ. ಇವರ ಹೊಡೆತ ಇರುವುದೇ ಹತ್ತು ಫ್ರೇಮ್. ಅಂದರೆ ಎರಡೇ ಚಿತ್ರ. ಅದು ಶೈಲಿ ಅಲ್ಲ, ಆಟ ತಡವರಿಸುತ್ತಿದೆ ಅನ್ನಿಸುತ್ತದೆ. ಗಿಲ್ಟಿ ಗಿಯರ್‌ನಲ್ಲೂ ಯಾವ ಭಂಗಿ ಎಷ್ಟು ಫ್ರೇಮ್ ನಿಲ್ಲಬೇಕು ಅಂತ ಮನುಷ್ಯರು ಕೂತು ತೀರ್ಮಾನಿಸಿದ್ದು. ಎಲ್ಲದಕ್ಕೂ ಒಂದೇ 12 ಅಂತ ಒತ್ತಿದ್ದಲ್ಲ.

ಅರ್ಧಪಿಕ್ಸೆಲ್:
ಹೊಡೆತಕ್ಕೆ ಬೇಡ, ಸರಿ. ಬೆಂಕಿ ಉಂಡೆಗೆ? ಅದು ಗಾಳಿಯಲ್ಲಿ ಒಂದು ಸೆಕೆಂಡ್ ಇರುತ್ತದೆ.

ನಿಧಾನಗತಿ:
ಅದಕ್ಕೆ ಅರ್ಧ ಒಪ್ಪಿಗೆ. ಉಂಡೆ ಇರುವ ಜಾಗ 60ರಲ್ಲೇ ಬದಲಾಗಲಿ. ಇಲ್ಲದಿದ್ದರೆ ಆಡುವವರಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅದರ ಆಕಾರ ಮಾತ್ರ 4 ಫ್ರೇಮ್‌ಗೆ ಒಮ್ಮೆ ಬದಲಾಗಲಿ. ಶೇಡರ್‌ಗೆ ಹೋಗುವ ಟೈಮ್ ಅನ್ನು 15ರಿಂದ ಗುಣಿಸಿ, ದಶಮಾಂಶ ಕತ್ತರಿಸಿ, ಮತ್ತೆ 15ರಿಂದ ಭಾಗಿಸಿದರೆ ಆಯಿತು. ಕಪ್‌ಹೆಡ್ ಗೇಮ್ ಕೂಡ ಹೀಗೇ ಅಲ್ವಾ, ಚಿತ್ರಗಳು ಸೆಕೆಂಡಿಗೆ 24, ಆಟ 60.

ಕಡಿಮೆರ‍್ಯಾಮ್:
ಫೋನ್ ಅಂದ ಕೂಡಲೇ ನಾನು ಬರಲೇಬೇಕು.

ಪಾರ್ಟಿಕಲ್ ಎಷ್ಟಿವೆ ಅಂತ ಎಲ್ಲರೂ ಎಣಿಸುತ್ತಾರೆ. ಎಣಿಸಬೇಕಾದ್ದು ಅವು ಎಷ್ಟು ಪಿಕ್ಸೆಲ್ ಮುಚ್ಚುತ್ತವೆ ಅನ್ನುವುದನ್ನು. ಪಾರದರ್ಶಕ ಪಾರ್ಟಿಕಲ್‌ಗಳು ಒಂದರ ಮೇಲೊಂದು ಕೂತರೆ ಅದೇ ಪಿಕ್ಸೆಲ್ ಮತ್ತೆ ಮತ್ತೆ ಬರೆಯಬೇಕು. ಅರ್ಧ ಪರದೆ ಮುಚ್ಚುವ 20 ಹೊಗೆ ಪಾರ್ಟಿಕಲ್ ಅಂದರೆ ಇಡೀ ಪರದೆಯನ್ನು 10 ಸಲ ಬರೆದ ಹಾಗೆ. ಅದೂ ಒಂದೇ ಫ್ರೇಮ್‌ನಲ್ಲಿ. ಕಾಲಿನ ಹತ್ತಿರ ಪುಟ್ಟದಾಗಿ ಸಿಡಿಯುವ 200 ಕಿಡಿಗಳು ಇದರ ಮುಂದೆ ಏನೂ ಅಲ್ಲ.

ನಿಮ್ಮ ಶೈಲಿಯಿಂದ ಇಲ್ಲೊಂದು ಲಾಭ ಇದೆ. ಅಂಚು ಗಟ್ಟಿ ಅಂದ ಮೇಲೆ ಪಾರದರ್ಶಕತೆಯೇ ಬೇಡ. ಆದರೆ ಶೇಡರ್‌ನಲ್ಲಿ ಪಿಕ್ಸೆಲ್ ಎಸೆಯುವ ಡಿಸ್ಕಾರ್ಡ್ ಪುಕ್ಕಟೆ ಅಂದುಕೊಳ್ಳಬೇಡಿ. ಎಷ್ಟೋ ಮೊಬೈಲ್ ಜಿಪಿಯುಗಳು (ಚಿತ್ರ ಬರೆಯುವ ಚಿಪ್‌ಗಳು) ಮರೆಯಾಗಿರುವ ಪಿಕ್ಸೆಲ್‌ಗಳನ್ನು ಮೊದಲೇ ಬಿಟ್ಟುಬಿಡುತ್ತವೆ. ಡಿಸ್ಕಾರ್ಡ್ ಇದ್ದರೆ ಆ ಉಳಿತಾಯಕ್ಕೆ ಕಲ್ಲು ಬೀಳುತ್ತದೆ. ಆದ್ದರಿಂದ ಕತ್ತಿಯ ಹೊಡೆತವನ್ನು ಚೌಕದ ಮೇಲೆ ಚಿತ್ರ ಅಂಟಿಸಿ ಮಾಡಬೇಡಿ. 3ಡಿ ಮಾಡೆಲ್ ಮಾಡುವ ಬ್ಲೆಂಡರ್‌ನಲ್ಲಿ ಬಿದಿಗೆ ಚಂದ್ರನ ಆಕಾರದ ಮೆಶ್ (3ಡಿ ಆಕೃತಿ) ಮಾಡಿ, ಅದನ್ನೇ ಪಾರ್ಟಿಕಲ್ ಆಗಿ ಹಾಕಿ. ಖಾಲಿ ಮೂಲೆಗಳೇ ಇರುವುದಿಲ್ಲ. ಧೂಳಿಗೂ ಹಾಗೇ: ಕಡಿಮೆ ಪಾಲಿಗನ್‌ನ ಉಂಡೆಗಳು, ಪಾತ್ರದ್ದೇ ಎರಡು ಛಾಯೆಯ ಮೆಟೀರಿಯಲ್. ಸಾಯುವಾಗ ಸೈಜ್ ಸೊನ್ನೆಗೆ ಇಳಿಯಲಿ, ಸಾಕು. ಧೂಳಿಗೆ ಶೇಡರ್ ಬರೆಯುತ್ತಾ ಕೂರಬೇಡಿ.

ಅಂದಹಾಗೆ ಕಪ್ಪು ಗೆರೆ ಹೇಗೆ ಮಾಡಿದ್ದೀರಿ? ಪರದೆಯ ಡೆಪ್ತ್ (ಪ್ರತಿ ಪಿಕ್ಸೆಲ್‌ನ ದೂರ) ಓದಿ, ಇಡೀ ಚಿತ್ರ ಬರೆದ ಮೇಲೆ ಮಾಡುವ ಪೋಸ್ಟ್ ಪ್ರೋಸೆಸ್ ಆಗಿದ್ದರೆ ಅದೂ ದುಬಾರಿ.

ಮಸಿಬಾಟ್ಲಿ:
ಇಲ್ಲ, ನೆಕ್ಸ್ಟ್ ಪಾಸ್‌ನಲ್ಲಿ ಇನ್ನೊಂದು ಮೆಟೀರಿಯಲ್. ಕಲ್ ಮೋಡ್ ಫ್ರಂಟ್, ಗ್ರೋ ಆನ್. ಅಂದರೆ ಅದೇ ಮೆಶ್ ಅನ್ನು ಸ್ವಲ್ಪ ಊದಿಸಿ, ಮುಂದಿನ ಮುಖಗಳನ್ನು ಬಿಟ್ಟು ಹಿಂದಿನವನ್ನು ಮಾತ್ರ ಎರಡನೇ ಸಲ ಬರೆಯುವುದು. ಕಪ್ಪು ಬಣ್ಣ. ಲಾಟೀನಿನ ಮೂಲೆಗಳಲ್ಲಿ ಮಾತ್ರ ಗೆರೆ ಬಾಯಿ ಬಿಟ್ಟುಕೊಂಡಿದೆ.

ಕಡಿಮೆರ‍್ಯಾಮ್:
ಒಳ್ಳೆಯದಾಯಿತು. ಮೂಲೆ ಬಾಯಿ ಬಿಡುವುದಕ್ಕೆ ಕಾರಣ ಲಾಟೀನಿನ ಚೂಪು ಅಂಚುಗಳು. ಅಲ್ಲಿ ಒಂದೇ ಬಿಂದುವಿಗೆ ಬೇರೆ ಬೇರೆ ದಿಕ್ಕಿನ ನಾರ್ಮಲ್‌ಗಳಿವೆ. ಮೆಶ್ ಊದಿದಾಗ ಮುಖಗಳು ದೂರ ಸರಿಯುತ್ತವೆ. ಅಂಚುಗಳಿಗೆ ಚಿಕ್ಕ ಬೆವೆಲ್ ಕೊಟ್ಟು (ಚೂಪು ಸವರಿ) ಸ್ಮೂತ್ ಶೇಡಿಂಗ್ ಹಾಕಿ. ಅದು ಬೇಡ ಅಂದರೆ ಎಲ್ಲ ನಾರ್ಮಲ್‌ಗಳ ಸರಾಸರಿಯನ್ನು ವರ್ಟೆಕ್ಸ್ ಕಲರ್‌ನಲ್ಲಿ (ಮೆಶ್‌ನ ಪ್ರತಿ ಬಿಂದುವಿಗೂ ಇರುವ ಬಣ್ಣದ ಅಂಕಿ) ತುಂಬಿಟ್ಟು, ಗೆರೆಯ ಶೇಡರ್ ಅದನ್ನು ಓದುವ ಹಾಗೆ ಮಾಡಿ. ಒಂದು ಲಾಟೀನಿಗಾಗಿ ಬೆವೆಲ್ ಸಾಕು.

ಬೆಳಕುಬಳ್ಳಿ:
ಬ್ಲೂಮ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಮೊದಲು ಅದನ್ನು ತೆಗೆಯಿರಿ. ಅಂಚು ಗಟ್ಟಿ ಮಾಡಲು ಇಷ್ಟೆಲ್ಲ ಕಷ್ಟಪಟ್ಟು, ಕೊನೆಯಲ್ಲಿ ಇಡೀ ಚಿತ್ರದ ಮೇಲೆ ಮಂಜು ಎರಚುವುದು ಯಾವ ಸುಖಕ್ಕೆ? ಹೊಳಪು ಬೇಕೇ ಬೇಕು ಅಂದರೆ ಉಂಡೆಯ ಹಿಂದೆ ಒಂದು ದೊಡ್ಡ ವೃತ್ತ ಇಡಿ. ಒಂದೇ ಬಣ್ಣ, ಗಟ್ಟಿ ಅಂಚು. ಅದು ನಿಮ್ಮ ಭಾಷೆಯ ಹೊಳಪು.

ಎರಡನೆಯದು ಆ್ಯಡಿಟಿವ್ ಬ್ಲೆಂಡಿಂಗ್, ಅಂದರೆ ಹಿಂದಿನ ಬಣ್ಣಕ್ಕೆ ಹೊಸದನ್ನು ಕೂಡಿಸುವುದು. ಪ್ಯಾಕ್‌ನ ಬೆಂಕಿ ಅದರಲ್ಲೇ ಇರುತ್ತದೆ, ನೋಡಿ ಬೇಕಾದರೆ. ಎರಡು ಕಿತ್ತಳೆ ಬಣ್ಣ ಒಂದರ ಮೇಲೊಂದು ಬಂದರೆ ಹಳದಿ, ನಾಲ್ಕು ಬಂದರೆ ಬಿಳಿ. ಪ್ಯಾಲೆಟ್ ಕೈ ತಪ್ಪಿತು. ಬೆಳಗಿನ ಆಕಾಶದ ಲೆವೆಲ್ ಏನಾದರೂ ಮಾಡಿದರೆ ಅಲ್ಲಿ ಆ ಬೆಂಕಿ ಕಾಣುವುದೇ ಇಲ್ಲ. ಮಾಮೂಲಿ ಮಿಕ್ಸ್‌ಗೆ ಬದಲಾಯಿಸಿ.

ಆಮೇಲೆ ಸ್ಕ್ರೀನ್‌ಶಾಟ್ ತೆಗೆದು ಪೂರ್ತಿ ಬೂದು ಬಣ್ಣಕ್ಕೆ ತಿರುಗಿಸಿ. ನಿಮ್ಮದನ್ನು ನಾನು ತಿರುಗಿಸಿ ನೋಡಿದೆ. ಅತಿ ಹೆಚ್ಚು ಬೆಳಗುತ್ತಿರುವುದು ಯಾವುದು ಗೊತ್ತಾ? ಧೂಳು! ಆಡುವವರಿಗೆ ಅತಿ ಕಡಿಮೆ ಬೇಕಾದ ವಿಷಯ ಅದು. ಶತ್ರು ಎಸೆದ ಬೆಂಕಿ ಮೊದಲು ಕಣ್ಣಿಗೆ ಬೀಳಬೇಕು, ಆಮೇಲೆ ನಿಮ್ಮ ಹೊಡೆತ, ಆಮೇಲೆ ಸಾವಿನ ಹೊಗೆ. ಧೂಳು ನೆಲಕ್ಕಿಂತ ಒಂದು ಚೂರು ತಿಳಿಯಾಗಿದ್ದರೆ ಸಾಕು. ಅಪ್ಪಟ ಬಿಳಿಯನ್ನು ಎಲ್ಲೂ ಬಳಸದೆ, ಹೊಡೆತ ತಾಗಿದ ಒಂದೆರಡು ಫ್ರೇಮ್‌ಗೆ ಮಾತ್ರ ಮೀಸಲಿಡಿ.

ಬಣ್ಣದಿಂದಲೇ ನಮ್ಮದು-ಶತ್ರುವಿನದು ಅಂತ ಬೇರೆ ಮಾಡಬೇಡಿ. ಕೆಂಪು-ಹಸಿರು ಗುರುತಿಸಲಾಗದವರೂ ಆಡುತ್ತಾರೆ. ಗೆರೆಹುಚ್ಚ ಆಗಲೇ ದಾರಿ ತೋರಿಸಿದ್ದಾರೆ: ಹುಡುಗಿಯ ಎಫೆಕ್ಟ್ ದುಂಡಗಿರಲಿ, ಪ್ರಾಣಿಗಳದ್ದು ಮುಳ್ಳಾಗಿರಲಿ. 2007ರ ಟೀಮ್ ಫೋರ್ಟ್ರೆಸ್ 2ರಲ್ಲಿ ಒಂಬತ್ತು ಬಗೆಯ ಆಟಗಾರರನ್ನು ಬರೀ ಹೊರ ಆಕೃತಿಯಿಂದ ದೂರದಿಂದಲೇ ಗುರುತಿಸಬಹುದು. ಪಾರ್ಟಿಕಲ್‌ಗೂ ಅದೇ ಪರೀಕ್ಷೆ ಕೊಡಿ.

ಇನ್ನೊಂದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೊಡೆತ ತಾಗಿದಾಗಲೆಲ್ಲ ಇಡೀ ಪರದೆ ಬಿಳಿಯಾಗಿ ಮಿಂಚುತ್ತಿದೆ. ಬೇಗ ಬೇಗ ಹೊಡೆದರೆ ಸೆಕೆಂಡಿಗೆ ನಾಲ್ಕೈದು ಸಲ. ವೆಬ್ ಎಲ್ಲರಿಗೂ ಬಳಸಲು ಆಗಲಿ ಅಂತ ಇರುವ ಡಬ್ಲ್ಯುಸಿಎಜಿ ನಿಯಮಗಳು ಯಾವುದೇ ಒಂದು ಸೆಕೆಂಡಿನಲ್ಲಿ 3ಕ್ಕಿಂತ ಜಾಸ್ತಿ ಮಿಂಚು ಬೇಡ ಅನ್ನುತ್ತವೆ. ಬೆಳಕಿನ ಮಿಂಚಿಗೆ ಮೂರ್ಛೆ ಬರುವವರಿದ್ದಾರೆ. ಮಿಂಚನ್ನು ಹೊಡೆತ ಬಿದ್ದ ಪ್ರಾಣಿಯ ಮೈಗೆ ಮಾತ್ರ ಇಡಿ. ಅದನ್ನೂ ಆಫ್ ಮಾಡುವ ಬಟನ್ ಕೊಡಿ.

ಅರ್ಧಪಿಕ್ಸೆಲ್:
ಸಾವಿನ ಹೊಗೆಗೆ ನನ್ನ ಸಲಹೆ ಬೇರೆ. ಶೇಡರ್ ಬಿಡಿ, ಕೈಯಲ್ಲಿ ಬರೆಯಿರಿ. ನಾಯ್ಸ್‌ನಿಂದ ಬಂದ ಆಕಾರ ಎಷ್ಟೇ ಚೆನ್ನಾಗಿದ್ದರೂ ಎಲ್ಲ ಕಡೆ ಒಂದೇ ಥರ ಕೊರೆದ ಹಾಗಿರುತ್ತದೆ. ಕೈಯಲ್ಲಿ ಬರೆದರೆ ಇಲ್ಲೊಂದು ದೊಡ್ಡ ಸುರುಳಿ, ಅಲ್ಲೊಂದು ಪುಟ್ಟ ಚುಕ್ಕೆ ಅಂತ ಮನಸ್ಸಿಗೆ ಬಂದಂತೆ ಇಡಬಹುದು. ಶತ್ರು ಸಾಯುವುದನ್ನು ಆಡುವವರು ಸಾವಿರ ಸಲ ನೋಡುತ್ತಾರೆ, ಅದಕ್ಕೆ ಕೈಕೆಲಸ ದಂಡ ಅಲ್ಲ.

ಚಿತ್ರ ಬರೆಯುವ ಸಾಫ್ಟ್‌ವೇರ್ ಕ್ರಿತಾದಲ್ಲಿ ಮೊದಲು ಬರೀ ಕಪ್ಪು ಆಕೃತಿಗಳನ್ನು ಬರೆಯಿರಿ. ಸಿಡಿತ, ಹಿಗ್ಗಿದ ಮೋಡ, ಬಿರುಕು, ಸುರುಳಿ, ಚೂರು, ಚುಕ್ಕೆ. ಓಡಿಸಿ ನೋಡಿ. ಆಕೃತಿಯಲ್ಲೇ ಚೆನ್ನಾಗಿಲ್ಲದಿದ್ದರೆ ಬಣ್ಣ ಹಾಕಿದರೂ ಆಗುವುದಿಲ್ಲ. ಆಮೇಲೆ ಎರಡನೇ ಛಾಯೆ. 1024 ಪಿಕ್ಸೆಲ್ ಹಾಳೆಯಲ್ಲಿ 4 ಅಡ್ಡ 4 ಉದ್ದ ಜೋಡಿಸಿದರೆ 16 ಚಿತ್ರ, ಒಂದೊಂದೂ 256 ಪಿಕ್ಸೆಲ್. ಪ್ರತಿ ಮನೆಯ ಸುತ್ತ ಸ್ವಲ್ಪ ಖಾಲಿ ಜಾಗ ಬಿಡಿ. ಇಲ್ಲದಿದ್ದರೆ ಪಕ್ಕದ ಚಿತ್ರದ ಅಂಚು ಇದರೊಳಗೆ ಇಣುಕುತ್ತದೆ, ದೂರ ಹೋದಂತೆ ಇನ್ನೂ ಜಾಸ್ತಿ.

ಗಣಿತಭಯ:
ಎರಡನ್ನೂ ಸೇರಿಸಬಹುದಲ್ಲ? ಒಂದೇ ಚಿತ್ರ ಕೈಯಲ್ಲಿ ಬರೆಯಿರಿ, ಬೂದು ಬಣ್ಣದಲ್ಲಿ. ಮೊದಲು ಸವೆಯಬೇಕಾದ ಜಾಗ ಕಪ್ಪಾಗಿ, ಕೊನೆಗೆ ಉಳಿಯಬೇಕಾದ ಜಾಗ ಬಿಳಿಯಾಗಿ. ಅದನ್ನೇ ನಾಯ್ಸ್ ಬದಲು ಹಾಕಿ. ಹದಿನಾರು ಚಿತ್ರ ಬರೆಯುವ ಕೆಲಸ ಒಂದಕ್ಕೆ ಇಳಿಯಿತು. ಸುರುಳಿ ಕೈಯದ್ದೇ, ಸವೆತ ಶೇಡರ್‌ನದ್ದು.

ಅರ್ಧಪಿಕ್ಸೆಲ್:
ಆಕಾರ ಚಿಕ್ಕದಾಗುತ್ತದೆ ಅಷ್ಟೇ, ತಿರುಚಿಕೊಳ್ಳುವುದಿಲ್ಲ. ಆದರೂ ಧೈರ್ಯದ ಉಪಾಯ.

ಹೊಸಬ0:
ಇದೆಲ್ಲ ಪಿಕ್ಸೆಲ್ ಆರ್ಟ್‌ಗೂ ಹೊಂದುತ್ತಾ?

ಅರ್ಧಪಿಕ್ಸೆಲ್:
ನಿಯಮದ ಹಾಳೆ ಹೊಂದುತ್ತದೆ. ಜೊತೆಗೆ ಇನ್ನೊಂದು ನಿಯಮ: ಪಿಕ್ಸೆಲ್‌ಗಳೆಲ್ಲ ಒಂದೇ ಗಾತ್ರ. ಸೆಲೆಸ್ಟ್ ಆಟದ ಚಿತ್ರ 320x180. ಅದನ್ನು 6ರಿಂದ ಹಿಗ್ಗಿಸಿದರೆ ಸರಿಯಾಗಿ 1920x1080. ಪಾರ್ಟಿಕಲ್ ಅನ್ನು ದೊಡ್ಡ ರೆಸಲ್ಯೂಷನ್‌ನಲ್ಲಿ ಓರೆಯಾಗಿ ತಿರುಗಿಸಿದ ಕ್ಷಣ ಆ ಮೋಡಿ ಮುರಿಯುತ್ತದೆ. ಮೊದಲು ಚಿಕ್ಕ ವ್ಯೂಪೋರ್ಟ್‌ನಲ್ಲಿ (ಆಟದ ಚಿತ್ರ ಮೂಡುವ ಚೌಕಟ್ಟು) ಎಲ್ಲವನ್ನೂ ಬರೆದು ಆಮೇಲೆ ಹಿಗ್ಗಿಸಿ. ಡಿದರಿಂಗ್ (ಚುಕ್ಕೆಗಳಿಂದಲೇ ಛಾಯೆ ತೋರಿಸುವುದು) ಮಾಡುತ್ತೀರಾದರೆ 2018ರ ರಿಟರ್ನ್ ಆಫ್ ದಿ ಓಬ್ರಾ ಡಿನ್ ನೋಡಿ. ಎರಡೇ ಬಣ್ಣದ ಆಟ. ಕ್ಯಾಮೆರಾ ತಿರುಗಿದಾಗ ಚುಕ್ಕೆಗಳು ದೃಶ್ಯದ ಮೇಲೆ ಈಜದಿರಲಿ ಅಂತ ಚುಕ್ಕೆಗಳ ವಿನ್ಯಾಸವನ್ನು ಕ್ಯಾಮೆರಾ ಸುತ್ತಲಿನ ಗೋಲಕ್ಕೆ ಅಂಟಿಸಿದ್ದಾರೆ. ಆದರೆ ಅದು ಬೇರೆಯೇ ಚರ್ಚೆ, ಹೊಸ ಥ್ರೆಡ್ ಹಾಕಿ.

ಮಸಿಬಾಟ್ಲಿ:
ಅಪ್‌ಡೇಟ್. ಬ್ಲೂಮ್ ಹೋಯಿತು, ಪ್ಯಾಕ್ ಪೂರ್ತಿ ಹೋಯಿತು. ಹೊಡೆತ ಈಗ ಮೆಶ್. ಧೂಳು ಐದಾರು ಉಂಡೆ. ಸಾವಿನ ಹೊಗೆ ಗಣಿತಭಯ ಹೇಳಿದ ಹಾಗೆ ಒಂದೇ ಕೈಚಿತ್ರ ಮತ್ತು ಸವೆತ. ಹಳೆಯ ಫೋನ್‌ನಲ್ಲೂ ಆಟ ಮುಗ್ಗರಿಸುತ್ತಿಲ್ಲ. ಹೊಡೆತಕ್ಕೆ ಕಪ್ಪು ಗೆರೆ ಕೊಟ್ಟು ನೋಡಿದೆವು, ಅದು ವಸ್ತುವಿನ ಥರ ಕಂಡಿತು, ತೆಗೆದೆವು. ಈಗ ನಮ್ಮ ನಿಯಮ: ಕೈಯಲ್ಲಿ ಹಿಡಿಯಬಹುದಾದ್ದಕ್ಕೆ ಗೆರೆ ಇದೆ, ಹಿಡಿಯಲಾಗದ್ದಕ್ಕೆ ಇಲ್ಲ.

ಹೊಸ ಸಮಸ್ಯೆ ಬೆಂಕಿ ಉಂಡೆಯದ್ದು. ಅದರೊಳಗೆ ಎಲ್ಲ ಕಡೆಗೂ ಬೆಳಕು ಚೆಲ್ಲುವ ಒಂದು ಓಮ್ನಿ ಲೈಟ್ ಇಟ್ಟಿದ್ದೇವೆ. ಅದು ಲಾಟೀನಿನ ಬೆಳಕಿನ ಹತ್ತಿರ ಬಂದರೆ ಗೋಡೆಯ ಮೇಲೆ ಮೂರನೇ ಛಾಯೆ ಹುಟ್ಟುತ್ತದೆ. ನಾವೇ ಮಾಡಿದ, ಎರಡೇ ಛಾಯೆ ಕೊಡುವ ಟೂನ್ ಶೇಡರ್, ಆದರೂ ಹೀಗಾಗುತ್ತಿದೆ.

ಗಣಿತಭಯ:
ಆಗಲೇಬೇಕು. ಗೋಡೋದಲ್ಲಿ ಶೇಡರ್‌ನ ಲೈಟ್ ಫಂಕ್ಷನ್ ಪ್ರತಿ ಬೆಳಕಿಗೂ ಬೇರೆ ಬೇರೆಯಾಗಿ ಓಡುತ್ತದೆ. ಪ್ರತಿಯೊಂದೂ ತನ್ನ ಎರಡು ಛಾಯೆ ಕೊಡುತ್ತದೆ, ಕೊನೆಗೆ ಎಲ್ಲ ಕೂಡಿಕೊಳ್ಳುತ್ತವೆ. ಕೂಡಿಸುವ ಬದಲು ಈಗಿರುವುದು ಮತ್ತು ಹೊಸದು, ಇವೆರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳಿ. ಎರಡು ಬೆಳಕಿನ ಬಣ್ಣ ಬೇರೆಯಾಗಿದ್ದರೆ ಇದೂ ಪೂರ್ತಿ ಸರಿಹೋಗುವುದಿಲ್ಲ. ಬೆಳಕುಗಳೆಲ್ಲ ಒಂದೇ ಪಾಸ್‌ನಲ್ಲಿ (ಬರೆಯುವ ಒಂದೇ ಸುತ್ತಿನಲ್ಲಿ) ಬಂದರೆ ಮಾತ್ರ ಇದು ನಡೆಯುತ್ತದೆ ಅನ್ನುವುದೂ ನೆನಪಿರಲಿ.

ಬೆಳಕುಬಳ್ಳಿ:
ಓಮ್ನಿ ಲೈಟ್ ಯಾಕೆ ಬೇಕು? ಉಂಡೆಯ ಕೆಳಗೆ ನೆಲದ ಮೇಲೆ ಒಂದು ಚಪ್ಪಟೆ ಕಿತ್ತಳೆ ವೃತ್ತ ಓಡಲಿ. ನೋಡುವವರ ಕಣ್ಣಿಗೆ ಅದೇ ಬೆಳಕು. ಉಂಡೆ ಎಲ್ಲಿ ಬೀಳುತ್ತದೆ ಅಂತಲೂ ಗೊತ್ತಾಗುತ್ತದೆ, ಮೇಲಿನ ಕ್ಯಾಮೆರಾಕ್ಕೆ ಅದು ದೊಡ್ಡ ಉಪಕಾರ.

ಮಸಿಬಾಟ್ಲಿ:
ವೃತ್ತ ಹಾಕಿದೆ, ಸೂಪರ್. ಆದರೆ ಮೂರನೇ ಲೆವೆಲ್‌ನಲ್ಲಿ ಮೆಟ್ಟಿಲುಗಳಿವೆ. ಅಲ್ಲಿ ವೃತ್ತ ಅರ್ಧ ಕಲ್ಲಿನೊಳಗೆ ಹೋಗುತ್ತದೆ. ಡೆಕಲ್ (ಮೇಲ್ಮೈಯ ಏರಿಳಿತಕ್ಕೆ ತಕ್ಕಂತೆ ಬೀಳುವ ಚಿತ್ರ) ಹಾಕಲಾ?

ಕಡಿಮೆರ‍್ಯಾಮ್:
ಗೋಡೋದ ಯಾವ ರೆಂಡರರ್ (ಚಿತ್ರ ಬರೆಯುವ ವ್ಯವಸ್ಥೆ) ಬಳಸುತ್ತಿದ್ದೀರಿ? ಕಂಪ್ಯಾಟಿಬಿಲಿಟಿ ಆಗಿದ್ದರೆ ಡೆಕಲ್ ಕೆಲಸ ಮಾಡುವುದಿಲ್ಲ. ಮೊಬೈಲ್ ಆಗಿದ್ದರೆ ಮಾಡುತ್ತದೆ.

ಮಸಿಬಾಟ್ಲಿ:
ಕಂಪ್ಯಾಟಿಬಿಲಿಟಿ. ಹಾಗಾದರೆ ಬೆಂಕಿ ಎಸೆಯುವ ಪ್ರಾಣಿಯನ್ನೇ ಮೆಟ್ಟಿಲ ಹತ್ತಿರದಿಂದ ತೆಗೆದು ಅಂಗಳಕ್ಕೆ ಹಾಕುತ್ತೇನೆ. ಮೆಟ್ಟಿಲ ಮೇಲೆ ಬರೀ ಕಚ್ಚುವ ಪ್ರಾಣಿಗಳು ಸಾಕು.